ಎರವಲು ಒಡಲಿಗೆ ಚಂದ್ರನ ಹೆಸರು

ಚಂದ್ರನ ನೆಲದ ಮೇಲೆ ನಿಂತ ಬಜ್ ಆಲ್ಡ್ರಿನ್ ಅವರ ಚಿತ್ರವನ್ನು ನೋಡದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. 1969ರ ಪತ್ರಿಕೆಗಳಲ್ಲಿ ಮಸಿ ಮಸಿಯಾಗಿ ಬಂದ ಚಂದ್ರಯಾನದ ಚಿತ್ರಗಳು ಮುಂದೆ ಶಾಲೆಯ ಗೋಡೆಗೆ, ವಿಜ್ಞಾನದ ಪಠ್ಯಪುಸ್ತಕಕ್ಕೆ, ಕ್ಯಾಲೆಂಡರಿಗೆ ಇಳಿದವು. ಆಲ್ಡ್ರಿನ್ ಮುಖಕವಚದ ಗಾಜಿನಲ್ಲಿ ಚಿತ್ರ ತೆಗೆಯುತ್ತಿರುವ ನೀಲ್ ಆರ್ಮ್‌ಸ್ಟ್ರಾಂಗ್ ಪುಟ್ಟದಾಗಿ ಕಾಣುತ್ತಾರೆ. ಕಣ್ಣಿಟ್ಟು ನೋಡಿದವರಿಗೆ ಇನ್ನೊಂದೂ ಕಂಡಿರಬೇಕು: ಚಿತ್ರದ ತುಂಬ ಸಾಲು ಹಿಡಿದು ಇಟ್ಟಂತಿರುವ ಸಣ್ಣ ಸಣ್ಣ ಕೂಡಿಸುವ ಗುರುತುಗಳು. ಅವು ಅಚ್ಚಿನ ತಪ್ಪುಗಳಲ್ಲ. ಅಳತೆ ಲೆಕ್ಕ ಹಾಕಲೆಂದು ಫಿಲ್ಮಿನ ಮುಂದೆ ಕೂರಿಸಿದ್ದ ಗಾಜಿನ ಫಲಕದ ಮೇಲೆ ಕೊರೆದ ಗುರುತುಗಳು. ಆ ಗಾಜನ್ನು ಹೊಟ್ಟೆಯಲ್ಲಿಟ್ಟುಕೊಂಡು ಚಂದ್ರನಿಗೆ ಹೋದದ್ದು ಸ್ವೀಡನ್ನಿನ ಗೋಥೆನ್‌ಬರ್ಗ್ ಪಟ್ಟಣದ ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾ. ಅದೇ ಹೆಸರಿನ ಕಂಪನಿ 2012ರಲ್ಲಿ ಇನ್ನೊಬ್ಬರ ಕ್ಯಾಮೆರಾಕ್ಕೆ ಮರದ ಹಿಡಿ ಕೂರಿಸಿ, ಅದಕ್ಕೆ ಚಂದ್ರನ ಹೆಸರನ್ನೇ ಇಟ್ಟು, ಹಲವು ಪಟ್ಟು ಬೆಲೆಗೆ ಮಾರಲು ಹೊರಟಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಂದಿನ ನಗೆ, ಸಿಟ್ಟು ಎರಡೂ ಆರಿ ದಶಕ ಕಳೆದಿರುವಾಗ, ಮಡಕೆ ಒಡೆದ ನಿಮಿಷವನ್ನೂ ಅದಕ್ಕೂ ಹಿಂದಿನ ವರುಷಗಳನ್ನೂ ಒಟ್ಟಿಗೆ ನೋಡುವ ಹೊತ್ತು ಬಂದಿದೆ.

ಹ್ಯಾಸೆಲ್‌ಬ್ಲಾಡ್ ಮನೆತನದ ವ್ಯಾಪಾರ ಆರಂಭವಾದದ್ದು 1841ರಲ್ಲಿ. ಮೊದಲು ಅದು ಬಂದರು ಪಟ್ಟಣದ ಆಮದು ರಫ್ತಿನ ಅಂಗಡಿ. ಆಮೇಲೆ ಅಮೆರಿಕದ ಈಸ್ಟ್‌ಮನ್ ಫಿಲ್ಮು, ಕ್ಯಾಮೆರಾಗಳನ್ನು ಸ್ವೀಡನ್ನಿಗೆ ತರಿಸುವ ಮಳಿಗೆ. ಆ ಮನೆಯ ಹುಡುಗ ವಿಕ್ಟರ್ ಹ್ಯಾಸೆಲ್‌ಬ್ಲಾಡ್ ಹುಟ್ಟಿದ್ದು 1906ರಲ್ಲಿ. ಹಕ್ಕಿಗಳ ಹುಚ್ಚು. ವಲಸೆ ಹಕ್ಕಿಗಳ ಹಿಂದೆ ಕ್ಯಾಮೆರಾ ಹೊತ್ತು ತಿರುಗಿ, ಅದನ್ನೇ ಪುಸ್ತಕ ಮಾಡಿದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಸ್ವೀಡನ್ನಿನ ವಾಯುಪಡೆಯ ಕೈಗೆ ಜರ್ಮನಿಯ ವೈಮಾನಿಕ ಕ್ಯಾಮೆರಾ ಒಂದು ಸಿಕ್ಕಿತು. ಅದನ್ನು ವಿಕ್ಟರ್ ಮುಂದಿಟ್ಟು, ಇದರಂತೆಯೇ ಇನ್ನೊಂದನ್ನು ಮಾಡಿಕೊಡಲು ಆಗುತ್ತದೆಯೇ ಎಂದು ಕೇಳಿದರಂತೆ. ಇಂಥದ್ದೇ ಮಾಡಲಾರೆ, ಇದಕ್ಕಿಂತ ಒಳ್ಳೆಯದನ್ನು ಮಾಡಬಲ್ಲೆ ಎಂದರಂತೆ ಆತ. ಈ ಕಥೆಗೆ ಹೇಳುತ್ತ ಹೇಳುತ್ತ ಎಷ್ಟು ಹೊಳಪು ಬಂದಿದೆಯೋ, ಕಂಪನಿಯಂತೂ ಅದನ್ನು ತನ್ನ ಹುಟ್ಟಿನ ಕಥೆಯೆಂದೇ ಹೇಳಿಕೊಂಡು ಬಂದಿದೆ. ನಕಲು ಮಾಡಲು ಒಪ್ಪದ ಒಂದು ಮಾತಿನಿಂದ ಈ ಹೆಸರು ಆರಂಭವಾಯಿತು ಎಂಬುದನ್ನು ನೆನಪಿಟ್ಟುಕೊಂಡೇ ಮುಂದಿನದನ್ನು ಓದಬೇಕು.

ಯುದ್ಧ ಮುಗಿದು, 1948ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್‌ನಲ್ಲಿ ಜನಸಾಮಾನ್ಯರ ಮೊದಲ ಹ್ಯಾಸೆಲ್‌ಬ್ಲಾಡ್ ತೆರೆ ಕಂಡಿತು. ಸಾಬ್ ಕಾರುಗಳಿಗೆ ರೂಪ ಕೊಟ್ಟ ಸಿಕ್ಸ್ಟನ್ ಸಾಸೊನ್ ಅದಕ್ಕೂ ರೂಪ ಕೊಟ್ಟರು. ಲೆನ್ಸು, ಫಿಲ್ಮಿನ ಪೆಟ್ಟಿಗೆ, ವ್ಯೂಫೈಂಡರು ಎಲ್ಲವನ್ನೂ ಕಳಚಿ ಬೇರೆಯದನ್ನು ಕೂರಿಸಬಹುದಾದ ಚೌಕನೆಯ ಡಬ್ಬಿ ಅದು. ಹೆಸರು 1600ಎಫ್; ಸೆಕೆಂಡಿನ 1600ನೇ ಒಂದು ಪಾಲಿನ ವೇಗದ ಷಟರ್ ಎಂಬುದು ಹೆಸರಲ್ಲೇ ಇದ್ದ ಹೆಮ್ಮೆ. ಆದರೆ ಆ ಷಟರ್ ನಾಜೂಕಿನದು, ಕೆಟ್ಟು ರಿಪೇರಿಗೆ ಬರತೊಡಗಿತು. ಕಂಪನಿ ಆಗ ಮಾಡಿದ್ದನ್ನು ಗಮನಿಸಬೇಕು. ಮುಂದಿನ ಮಾದರಿಯ ವೇಗ ಇಳಿಸಿ 1000ಎಫ್ ಎಂದು ಹೆಸರಿಟ್ಟಿತು. 1957ರಲ್ಲಿ ಷಟರನ್ನು ಲೆನ್ಸಿನೊಳಕ್ಕೇ ಸರಿಸಿ, ವೇಗವನ್ನು ಇನ್ನೂ ಇಳಿಸಿ 500ಸಿ ಎಂದಿತು. ಜಗತ್ತಿನ ಇತರ ಕಂಪನಿಗಳು ವರ್ಷ ವರ್ಷ ಅಂಕಿ ಏರಿಸುತ್ತಿದ್ದಾಗ ಇದೊಂದು ತನ್ನ ಹೆಸರಿನ ಅಂಕಿಯನ್ನು ಎರಡು ಸಲ ಇಳಿಸಿಕೊಂಡಿತು. ಕೊಟ್ಟಷ್ಟು ಮಾತು, ಮಾತಿನಷ್ಟೇ ಕೆಲಸ. ಕಾರ್ಲ್ ಜೈಸ್ ಲೆನ್ಸಿನ ಆ 500ಸಿ ಮತ್ತು ಅದರ ಸಂತತಿ ಅರ್ಧ ಶತಮಾನಕ್ಕೂ ಮೀರಿ ಬದುಕಿದವು. ಆನ್ಸೆಲ್ ಆಡಮ್ಸ್ 1960ರಲ್ಲಿ ಯೊಸೆಮಿಟಿಯ ಬಂಡೆಯ ಮೇಲೆ ಏರಿದ ಚಂದ್ರನನ್ನು ಹಿಡಿದದ್ದು ಹ್ಯಾಸೆಲ್‌ಬ್ಲಾಡ್‌ನಲ್ಲೇ. ಬೀಟಲ್ಸ್ ನಾಲ್ವರು ರಸ್ತೆ ದಾಟುವ ಆ್ಯಬೆ ರೋಡ್ ಚಿತ್ರಕ್ಕೆ ಇಯಾನ್ ಮ್ಯಾಕ್‌ಮಿಲನ್ ಹಿಡಿದದ್ದೂ ಅದನ್ನೇ.

1962ರಲ್ಲಿ ವಾಲಿ ಶಿರಾ ಎಂಬ ಗಗನಯಾತ್ರಿ ಹ್ಯೂಸ್ಟನ್ ನಗರದ ಅಂಗಡಿಯೊಂದರಲ್ಲಿ ಒಂದು 500ಸಿ ಕೊಂಡರು. ಬಾಹ್ಯಾಕಾಶಕ್ಕೆ ಒಯ್ಯುವ ಮೊದಲು ನಾಸಾದವರು ಅದರ ಮೇಲಿದ್ದ ಚರ್ಮದಂಥ ಹೊದಿಕೆಯನ್ನು ಕಿತ್ತು ಹಾಕಿದರು, ಹೊಳೆಯುವ ಲೋಹಕ್ಕೆ ಕಪ್ಪು ಬಣ್ಣ ಬಳಿದರು. ಬೆಳಕು ಪ್ರತಿಫಲಿಸಬಾರದು, ಬೇಡದ ಗ್ರಾಂ ತೂಕವೂ ಇರಬಾರದು. ಹಾಗೆ ಅಲಂಕಾರವನ್ನೆಲ್ಲ ಕಳಚಿಟ್ಟ ಮೇಲೂ ಉಳಿದದ್ದು ಹ್ಯಾಸೆಲ್‌ಬ್ಲಾಡ್ ಆಗಿಯೇ ಇತ್ತು. 1968ರ ಕ್ರಿಸ್‌ಮಸ್ ಹಿಂದಿನ ದಿನ ಚಂದ್ರನ ಅಂಚಿನಲ್ಲಿ ಭೂಮಿ ಉದಯಿಸಿದ್ದನ್ನು ಬಿಲ್ ಆಂಡರ್ಸ್ ಕಣ್ಣಿಗೆ ಹಿಡಿದುಕೊಟ್ಟದ್ದು, ಮರುವರ್ಷ ಮನುಷ್ಯನ ಹೆಜ್ಜೆಯನ್ನು ಹಿಡಿದದ್ದು ಅದರ ಬಳಗವೇ. ಮರಳುವಾಗ ಕಲ್ಲು ಮಣ್ಣಿಗೆ ಜಾಗ ಬೇಕೆಂದು ಯಾತ್ರಿಗಳು ಕ್ಯಾಮೆರಾ, ಲೆನ್ಸುಗಳನ್ನು ಅಲ್ಲೇ ಬಿಟ್ಟು ಫಿಲ್ಮಿನ ಪೆಟ್ಟಿಗೆಗಳನ್ನಷ್ಟೇ ತಂದರು. ಹನ್ನೆರಡರಷ್ಟು ಕ್ಯಾಮೆರಾಗಳು ಇಂದಿಗೂ ಚಂದ್ರನ ದೂಳಿನಲ್ಲಿವೆ.

ಅದೇ ವರ್ಷಗಳಲ್ಲಿ ನಮ್ಮ ಊರುಗಳ ಸ್ಟುಡಿಯೋಗಳಲ್ಲಿ ಇದ್ದದ್ದು ಎರಡು ಕಣ್ಣಿನ ಯಾಶಿಕಾ, ಮನೆಗಳಲ್ಲಿ ಇದ್ದರೆ ಬರೋಡಾದಲ್ಲಿ ತಯಾರಾದ ಆಗ್ಫಾ ಕ್ಲಿಕ್. ಹ್ಯಾಸೆಲ್‌ಬ್ಲಾಡ್ ಎಂಬುದು ಹೆಚ್ಚಿನವರು ಹೆಸರು ಕೇಳಿ ಬಲ್ಲ ವಸ್ತು. ಆದರೂ ನಂಟು ಪೂರ್ತಿ ದೂರದ್ದಲ್ಲ. ಅದಕ್ಕೆ ಹಾಕುತ್ತಿದ್ದದ್ದೂ ಇವುಗಳಿಗೆ ಹಾಕುತ್ತಿದ್ದ 120 ರೋಲೇ, ಸಿಗುತ್ತಿದ್ದದ್ದೂ ಅದೇ ಹನ್ನೆರಡು ಚೌಕ ಚಿತ್ರಗಳು. ತಲೆ ತಗ್ಗಿಸಿ ಗಾಜಿನೊಳಕ್ಕೆ ಇಣುಕಿ, ಎಡಬಲ ಅದಲು ಬದಲಾಗಿ ಕಾಣುವ ವಧೂವರರನ್ನು ಸರಿಪಡಿಸಿ ನಿಲ್ಲಿಸುತ್ತಿದ್ದ ಸ್ಟುಡಿಯೋದವರಿಗೆ ಆ ಸ್ವೀಡನ್ನಿನ ಡಬ್ಬಿ ತಮ್ಮದೇ ಕುಲದ ಹಿರಿಯನಂತೆ. ಗೌರವ ಅಂದರೆ ಅದು: ಕೈಗೆ ಎಂದೂ ಸಿಗದವರೂ ಒಪ್ಪಿಕೊಂಡದ್ದು.

ವಿಕ್ಟರ್ 1976ರಲ್ಲಿ ಕಂಪನಿಯನ್ನು ಮಾರಿದರು, ಎರಡು ವರ್ಷಕ್ಕೆ ತೀರಿಕೊಂಡರು. ಮಕ್ಕಳಿರಲಿಲ್ಲ, ಸಂಪತ್ತಿನ ಬಹುಪಾಲು ಪ್ರತಿಷ್ಠಾನವೊಂದಕ್ಕೆ ಹೋಯಿತು, ಛಾಯಾಗ್ರಹಣದ ದೊಡ್ಡ ಪ್ರಶಸ್ತಿಯಾಗಿ ಇಂದಿಗೂ ಬೆಳಗುತ್ತಿದೆ. 2022ರಲ್ಲಿ ನಮ್ಮ ದಯಾನಿತಾ ಸಿಂಗ್ ಅವರಿಗೆ ಬಂದದ್ದು ಅದೇ ಪ್ರಶಸ್ತಿ. ಕಂಪನಿ ಮಾತ್ರ ಒಡೆಯರಿಂದ ಒಡೆಯರಿಗೆ ದಾಟುತ್ತ ಹೋಯಿತು. ಡಿಜಿಟಲ್ ಕಾಲ ಬಂತು. 2002ರಲ್ಲಿ ಫ್ಯೂಜಿಯ ಜೊತೆಗೂಡಿ ಎಚ್ ಸರಣಿ ತಂದರು, 2004ರಲ್ಲಿ ಡೆನ್ಮಾರ್ಕಿನ ಇಮಾಕಾನ್ ಕಂಪನಿಯನ್ನು ಕೂಡಿಸಿಕೊಂಡರು. ಆದರೆ ಆ ಕ್ಯಾಮೆರಾಗಳ ಬೆಲೆ ಒಂದು ಕಾರಿನ ಬೆಲೆ. ಇತ್ತ ಕೆನಾನ್, ನಿಕಾನ್ ಕಂಪನಿಗಳ ಸಣ್ಣ ಕ್ಯಾಮೆರಾಗಳ ಚಿತ್ರ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿತ್ತು. 2012ರಲ್ಲಿ ನಿಕಾನ್ ಡಿ800 36 ಮೆಗಾಪಿಕ್ಸೆಲ್‌ಗಳನ್ನು ಸುಮಾರು 3,000 ಡಾಲರಿಗೆ ಕೊಟ್ಟಿತು. ಹಳೆಯ ಗಿರಾಕಿಗಳಲ್ಲಿ ಅನೇಕರು ಅತ್ತ ನಡೆದರು. 2011ರಲ್ಲಿ ವೆಂಟಿಸ್ ಎಂಬ ಹೂಡಿಕೆ ಸಂಸ್ಥೆ ಹ್ಯಾಸೆಲ್‌ಬ್ಲಾಡ್‌ನ ಒಡೆತನ ಪಡೆಯಿತು. ಕೊಂಡು, ಬೆಳೆಸಿ, ಮಾರುವುದು ಅಂಥ ಸಂಸ್ಥೆಗಳ ಕಸುಬು. ಬೆಳೆಸಲು ಹೊಸ ಕ್ಯಾಮೆರಾ ಬೇಕು, ಹೊಸ ಕ್ಯಾಮೆರಾಕ್ಕೆ ವರ್ಷಗಳ ಶ್ರಮ, ರಾಶಿ ಹಣ ಬೇಕು. ಹೆಸರೊಂದು ಮಾತ್ರ ಸಿದ್ಧವಾಗಿ ಕೈಯಲ್ಲಿತ್ತು. ಅವರ ಕಷ್ಟ ನಿಜವಾದದ್ದು ಎಂಬುದನ್ನು ಒಪ್ಪದೆ ಈ ಲೆಕ್ಕ ನ್ಯಾಯವಾಗದು.

2012ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕೊಲೋನ್ ನಗರದ ಫೋಟೋಕಿನಾ ಮೇಳದಲ್ಲಿ ಪರದೆ ಸರಿಯಿತು. ಲೂನಾರ್ ಎಂದು ಹೆಸರು. ಇಟಲಿಯ ಟ್ರೆವಿಸೊದಲ್ಲಿ ಹೊಸದಾಗಿ ತೆರೆದ ವಿನ್ಯಾಸ ಕೇಂದ್ರದ ಕೂಸು. ಮಹಾಗನಿ, ಆಲಿವ್ ಮರದ ಹಿಡಿಗಳು, ಚರ್ಮ, ಕಾರ್ಬನ್ ಫೈಬರ್, ಉಬ್ಬಿದ ಮೈ. ಒಳಗಿದ್ದದ್ದು ಮಾತ್ರ ವರ್ಷದ ಹಿಂದೆ ಮಾರುಕಟ್ಟೆಗೆ ಬಂದಿದ್ದ ಸೋನಿಯ ನೆಕ್ಸ್-7: ಅದೇ 24 ಮೆಗಾಪಿಕ್ಸೆಲ್ ಸೆನ್ಸರ್, ಅದೇ ಲೆನ್ಸ್ ಕಂಠ, ಅದೇ ಜಾಗದಲ್ಲಿ ಅದೇ ಗುಂಡಿಗಳು. ಸೋನಿಯದು ಲೆನ್ಸ್ ಸಹಿತ 1,350 ಡಾಲರಿನ ಆಸುಪಾಸು. ಲೂನಾರ್‌ಗೆ ಮೇಳದಲ್ಲಿ ಹೇಳಿದ ಬೆಲೆ ಸುಮಾರು 5,000 ಯೂರೋ. ಅಮೆರಿಕದ ಅಂಗಡಿಗೆ ಬರುವ ಹೊತ್ತಿಗೆ 6,995 ಡಾಲರ್. ಅರ್ಧ ಶತಮಾನದ ಹಿಂದೆ ಚಂದ್ರನ ದಾರಿ ಹಿಡಿಯುವ ಕ್ಯಾಮೆರಾದ ಚರ್ಮ ಕಿತ್ತಿದ್ದರು. ಈಗ ಚರ್ಮ ಹೊದಿಸಿ ಚಂದ್ರನ ಹೆಸರಿಟ್ಟಿದ್ದರು. ಇದರಂತೆಯೇ ಮಾಡಿಕೊಡು ಎಂದು ವಿಕ್ಟರ್ ಮುಂದೆ ಇನ್ನೊಬ್ಬರ ಕ್ಯಾಮೆರಾ ಇಟ್ಟಾಗ ಬಂದ ಉತ್ತರವನ್ನು ಆ ವೇದಿಕೆಯ ಮೇಲೆ ಯಾರೂ ನೆನೆಯಲಿಲ್ಲ.

ನಗೆ ಬೇಗ ಹಬ್ಬಿತು, ಪಾಠ ಬೇಗ ಹತ್ತಲಿಲ್ಲ. ಮರುವರ್ಷ ಸೋನಿಯ ಜೇಬಿನ ಕ್ಯಾಮೆರಾ ಆರ್‌ಎಕ್ಸ್100 ಮರದ ಹಿಡಿ ತೊಟ್ಟು ಸ್ಟೆಲ್ಲರ್ ಆಯಿತು. 2014ರಲ್ಲಿ ಸೋನಿ ಎ99 ಎಚ್‌ವಿ ಆಯಿತು. ಕೊನೆಗೆ ಎ7ಆರ್ ಲುಸ್ಸೊ ಆಯಿತು. ಇಟಾಲಿಯನ್ ಭಾಷೆಯಲ್ಲಿ ವಿಲಾಸವೆಂದೇ ಅದರ ಅರ್ಥ, ಮುಚ್ಚುಮರೆ ಏನೂ ಉಳಿದಿರಲಿಲ್ಲ. ಲೈಕಾ ಮಾಡಿದ್ದನ್ನೇ ನಾವೂ ಮಾಡಿದೆವು ಎಂಬ ಸಮರ್ಥನೆಗೆ ಸ್ವಲ್ಪ ಆಧಾರವಿದೆ. ಜರ್ಮನಿಯ ಲೈಕಾ ಕಂಪನಿಯೂ ಪ್ಯಾನಸೋನಿಕ್‌ನ ಸಣ್ಣ ಕ್ಯಾಮೆರಾಗಳಿಗೆ ತನ್ನ ಕೆಂಪು ಬೊಟ್ಟಿಟ್ಟು ಮಾರಿದೆ, ಎರ್ಮೆಸ್ ಚರ್ಮ ಹೊದಿಸಿದ ಕ್ಯಾಮೆರಾವನ್ನು 2012ರಲ್ಲೇ ಕಣ್ಣು ಕುಕ್ಕುವ ಬೆಲೆಗೆ ಕೊಟ್ಟಿದೆ. ವ್ಯತ್ಯಾಸ ಇಷ್ಟೇ: ಎರ್ಮೆಸ್ ಚರ್ಮದೊಳಗೆ ಇದ್ದದ್ದು ಲೈಕಾದ ಸ್ವಂತ ಎಂ9-ಪಿ. ಬೊಟ್ಟಿಟ್ಟ ಸಣ್ಣ ಕ್ಯಾಮೆರಾಗಳಿಗೆ ಬೆಲೆ ಹೆಚ್ಚಿದ್ದರೂ ಐದು ಪಟ್ಟು ಇರಲಿಲ್ಲ. ಮಗಳ ಮದುವೆಗೆ ಒಡವೆ ಹೇರಿದರೆ ಊರು ಜಂಬ ಎಂದೀತು. ಪಕ್ಕದ ಮನೆಯ ಮಗಳಿಗೆ ಒಡವೆ ತೊಡಿಸಿ ನಮ್ಮವಳು ಎಂದರೆ ಊರು ಬೇರೆ ಮಾತೇ ಆಡುತ್ತದೆ.

ನಷ್ಟದ ಪುಟದಲ್ಲಿ ಇನ್ನೊಂದು ಸಾಲಿದೆ, ಅದರ ಬಗ್ಗೆ ಮಾತು ಕಡಿಮೆ. ಲೂನಾರ್ ಅಂಗಡಿಗೆ ಬಂದ 2013ರಲ್ಲೇ, ಏಪ್ರಿಲ್ ತಿಂಗಳಲ್ಲಿ, 500ಸಿಯ ವಂಶದ ಕೊನೆಯ ಕುಡಿ 503ಸಿಡಬ್ಲ್ಯೂ ತಯಾರಿಕೆಯನ್ನು ನಿಲ್ಲಿಸುವುದಾಗಿ ಕಂಪನಿ ಹೇಳಿತು. ಬೇಡಿಕೆ ಕುಸಿದಿತ್ತು, ನಿಲ್ಲಿಸಿದ್ದು ತಪ್ಪೆನ್ನಲಾಗದು. ಆದರೆ ಒಂದೇ ಬಾಗಿಲಿನಿಂದ ಹಿರಿಯ ಹೊರಗೆ ಹೋಗುವಾಗ ಒಳಬಂದವನು ವೇಷಧಾರಿಯಾಗಿದ್ದ. ಕೆಲವೇ ವರ್ಷಗಳಲ್ಲಿ ಲೂನಾರ್, ಸ್ಟೆಲ್ಲರ್‌ಗಳು ಭಾರಿ ರಿಯಾಯಿತಿಯ ಸಾಲಿಗೆ ಬಿದ್ದವು. 503ಸಿಡಬ್ಲ್ಯೂ, 500ಸಿ/ಎಂಗಳಿಗೆ ಇಂದಿಗೂ ಹಳೆಯ ಕ್ಯಾಮೆರಾ ಹುಡುಕುವವರು ಮೇಲಿಂದ ಮೇಲೆ ಹಣ ಕೊಡುತ್ತಾರೆ. ವಿಲಾಸವೆಂದು ಮಾರಿದ್ದು ಅಗ್ಗವಾಯಿತು, ಉಪಯೋಗಕ್ಕೆಂದು ಮಾಡಿದ್ದು ಅಮೂಲ್ಯವಾಯಿತು.

ತಿದ್ದಿಕೊಂಡದ್ದನ್ನೂ ಬರೆಯಬೇಕು. 2015ರಲ್ಲಿ ಮುಖ್ಯಸ್ಥರಾಗಿ ಬಂದ ಪೆರಿ ಊಸ್ಟಿಂಗ್ ದುಬಾರಿ ವರ್ಟು ಫೋನುಗಳ ಕಂಪನಿಯನ್ನು ನಡೆಸಿದ್ದವರು, ವಿಲಾಸದ ಸಂತೆಯನ್ನು ಒಳಗಿನಿಂದ ಬಲ್ಲವರು. ಹಾಗಿದ್ದೂ ಸೋನಿಯ ವೇಷಕ್ಕೆ ಮಂಗಳ ಹಾಡಿದ್ದು ಅವರ ಕಾಲದಲ್ಲೇ. ಬಹುಶಃ ಬಲ್ಲವರಾದ್ದರಿಂದಲೇ: ವಿಲಾಸದ ವಸ್ತುವಿಗೆ ಬೆಲೆ ಬರುವುದು ಅದರ ಹಿಂದೆ ನಿಜವಾದ ಕುಸುರಿ ಇದ್ದಾಗ ಎಂಬುದು ಆ ಸಂತೆಯ ಮೊದಲ ಪಾಠ. 2016ರ ಜೂನ್‌ನಲ್ಲಿ ಎಕ್ಸ್1ಡಿ ಬಂತು. 50 ಮೆಗಾಪಿಕ್ಸೆಲ್‌ಗಳ ದೊಡ್ಡ ಸೆನ್ಸರ್, ಕನ್ನಡಿಯಿಲ್ಲದ ತೆಳು ಒಡಲು, ಒಂದು ಕಿಲೋಗೂ ಕಡಿಮೆ ತೂಕ, ಸ್ವೀಡನ್ನಿನಲ್ಲೇ ತಯಾರಿ. ಬೆಲೆ 8,995 ಡಾಲರ್, ಲೂನಾರ್‌ಗಿಂತ ಹೆಚ್ಚು. ನಿಧಾನ ಎಂದು ದೂರಿದವರುಂಟು, ಬೆಲೆ ಕಂಡು ನಕ್ಕವರಿಲ್ಲ. ಜನ ನಕ್ಕದ್ದು ದುಬಾರಿತನಕ್ಕಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಎಕ್ಸ್1ಡಿಗೆ ಬಂದ ಬೇಡಿಕೆಯ ಭಾರ ಹೊರುವಷ್ಟು ಕಸುವು ಆ ಮನೆಯಲ್ಲಿ ಉಳಿದಿರಲಿಲ್ಲ. 2015ರ ಕೊನೆಗೆ ಸಣ್ಣ ಪಾಲು ಕೊಂಡಿದ್ದ ಚೀನಾದ ಡ್ರೋನ್ ಕಂಪನಿ ಡಿಜೆಐ 2017ರ ಹೊತ್ತಿಗೆ ಬಹುಪಾಲಿನ ಒಡೆಯನಾಯಿತು.

ಅಂದಿನಿಂದ ಹೆಸರು ಎರಡು ದಾರಿಯಲ್ಲಿ ನಡೆದಿದೆ. ಒಂದರಲ್ಲಿ ಸ್ವಂತ ಕ್ಯಾಮೆರಾಗಳು ಬೆಳೆದಿವೆ. 2022ರ ಎಕ್ಸ್2ಡಿ 100 ಮೆಗಾಪಿಕ್ಸೆಲ್‌ಗಳಿಗೆ ಏರಿತು. ಇನ್ನೊಂದರಲ್ಲಿ ಹೆಸರು 2018ರಿಂದ ಡ್ರೋನುಗಳ ಮೇಲೆ, 2021ರಿಂದ ಒನ್‌ಪ್ಲಸ್ ಫೋನುಗಳ ಬೆನ್ನ ಮೇಲೆ ಕೂತಿತು. ಹೆಸರು ಕೇಳಿಯಷ್ಟೇ ಬಲ್ಲವರ ಮೊಮ್ಮಕ್ಕಳು ಮೆಟ್ರೊದಲ್ಲಿ ನಿಂತು ಅದೇ ಹೆಸರಿನ ಕಣ್ಣಿನಿಂದ ಚಿತ್ರ ತೆಗೆದಿದ್ದಾರೆ. ಇದು ಹೆಸರಿನ ವಿಸ್ತಾರವೋ ಮತ್ತೊಂದು ಮರದ ಹಿಡಿಯೋ ಎಂದು ಕೇಳಿದರೆ, ಬಣ್ಣ ಹೊಂದಿಸುವ ತಿಳಿವಳಿಕೆ ನಿಜವಾಗಿ ಒಳಗೆ ಸೇರಿದಷ್ಟು ಮಟ್ಟಿಗೆ ವಿಸ್ತಾರ, ಬರಿಯ ಅಕ್ಷರಗಳಾದಷ್ಟು ಮಟ್ಟಿಗೆ ಹಿಡಿ.

ಕೂಡಿ ಕಳೆದು ನೋಡಿದರೆ ಕಂಪನಿ ಉಳಿದಿದೆ, ಕ್ಯಾಮೆರಾವೂ ಉಳಿದಿದೆ. ಅದು ಲಾಭ, ಸಣ್ಣದಲ್ಲ. ಹೋದದ್ದು ಪ್ರಶ್ನೆಯಿಲ್ಲದ ನಂಬಿಕೆ. ಒಮ್ಮೆ ಆ ಹೆಸರು ಕಂಡವರು ಒಳಗೇನಿದೆ ಎಂದು ಕೇಳುತ್ತಿರಲಿಲ್ಲ. ಲೂನಾರ್ ಬಂದ ಮೇಲೆ ಒಳಗೆ ಯಾರದು ಎಂದು ಕೇಳುವ ಅಭ್ಯಾಸ ಹುಟ್ಟಿತು. ಎಕ್ಸ್1ಡಿಯ ಮೇಲೆ ಅದು ಕೈಯಿಂದ ತಯಾರಾದದ್ದು, ಸ್ವೀಡನ್ನಿನದೇ ಎಂದು ಬರೆದು ತೋರಿಸಬೇಕಾಯಿತು. ಚಂದ್ರನಿಂದ ಹೊರಟವರು ತೂಕ ಇಳಿಸಬೇಕಾಗಿ ಬಂದಾಗ ಒಡಲನ್ನು ದೂಳಿನಲ್ಲಿ ಬಿಟ್ಟು, ಅದು ಕಂಡದ್ದನ್ನು ಹೊತ್ತು ತಂದರು. ನೆಲದ ಮೇಲಿದ್ದವರಿಗೆ ಅದೇ ಗಳಿಗೆ ಬಂದಾಗ ಅವರು ಒಳಗಿದ್ದುದನ್ನು ಬಿಟ್ಟು, ಹೆಸರನ್ನು ಹೊತ್ತು ತಂದರು.