ಗೈಡು ಗುರುವೇ ಇರಲಿ, ಲೆಕ್ಕ ಮಾತ್ರ ಇಡಿ

ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಡ್ಜರ್ ತಿರುವಿದವನಿಗೆ ಪಿಎಚ್‌ಡಿ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಕಾರಣ ಇದೆ. ದಿಲ್ಲಿ, ನೋಯ್ಡಾ, ಗುರ್ಗಾಂವ್‌ನ ನಮ್ಮ ಮನೆಗಳ ಮಕ್ಕಳು, ಊರಿನಿಂದ ಜೆಎನ್‌ಯುಗೋ ದಿಲ್ಲಿ ವಿಶ್ವವಿದ್ಯಾಲಯಕ್ಕೋ ಬಂದ ಹುಡುಗ ಹುಡುಗಿಯರು ಸಂಶೋಧನೆಗೆ ಇಳಿದಿದ್ದಾರೆ. ಕರ್ನಾಟಕ ಸಂಘದಲ್ಲಿ ಊಟಕ್ಕೆ ಪಕ್ಕ ಕೂತರೆ ಅವರು ಹೇಳೋದು ಥೀಸಿಸ್ ಕಥೆಯಲ್ಲ, ಗೈಡ್ ಕಥೆ. ಚಾಪ್ಟರ್ ಕೊಟ್ಟು ಆರು ತಿಂಗಳಾಯ್ತು ಅಂಕಲ್, ಇನ್ನೂ ಓದಿಲ್ಲ... ಹಿರಿಯರಾದ ನಮ್ಮ ಉತ್ತರ ಒಂದೇ: "ಹೇಗೋ ಹೊಂದಿಕೊಂಡು ಹೋಗಪ್ಪ, ಗುರುಗಳಲ್ವಾ."

ಈ ಉತ್ತರ ಸರಿಯಲ್ಲ ಅನ್ನೋದು ನನ್ನ ಅಭಿಪ್ರಾಯ.

ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸ್ ಅವರನ್ನೇ ನೋಡಿ. ಮುಂಬಯಿಯಲ್ಲಿ ಜಿ.ಎಸ್. ಘುರ್ಯೆ ಅವರ ಗೈಡ್. ಕೊಡವರ ಬಗ್ಗೆ ಕೆಲಸ ಮಾಡು ಅಂದವರೂ ಅವರೇ. ಆದರೆ ಆ ಸಂಬಂಧ ಸಲೀಸಾಗಿರಲಿಲ್ಲ ಅಂತ ಶ್ರೀನಿವಾಸ್ ಮುಂದೆ ತಾವೇ ಬರೆದರು. ಮುಂಬಯಿಯ ಪಿಎಚ್‌ಡಿ ಮುಗಿಸಿ ಆಕ್ಸ್‌ಫರ್ಡಿಗೆ ಹೋದರು. ಅಲ್ಲಿ ಮೊದಲು ರ‍್ಯಾಡ್‌ಕ್ಲಿಫ್ ಬ್ರೌನ್, ಅವರು ನಿವೃತ್ತರಾದ ಮೇಲೆ ಇವಾನ್ಸ್ ಪ್ರಿಚರ್ಡ್. ಅದೇ ಕೊಡಗಿನ ಸಾಮಗ್ರಿ, ಬೇರೆ ಕಣ್ಣು. 1952ರಲ್ಲಿ ಬಂದ ಆ ಪುಸ್ತಕ ಅವರಿಗೆ ದೊಡ್ಡ ಹೆಸರು ತಂದಿತು. 1959ರಲ್ಲಿ ಅವರೇ ನಮ್ಮ ದಿಲ್ಲಿಗೆ ಬಂದು ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗ ಕಟ್ಟಿದರು. ಇನ್ನೊಬ್ಬರ ಹತ್ತಿರ ಹೋದದ್ದು ಗುರುದ್ರೋಹ ಆಗಲಿಲ್ಲ, ವಿದ್ಯೆಗೆ ಲಾಭವೇ ಆಯಿತು.

ಎಲ್ಲರಿಗೂ ಆಕ್ಸ್‌ಫರ್ಡ್ ಸಿಗೋದಿಲ್ಲ, ಒಪ್ಪೋಣ. ಆದರೆ ಇವತ್ತು ನಿಯಮಗಳಿವೆ. ಯುಜಿಸಿಯ 2022ರ ನಿಯಮದಂತೆ ಒಬ್ಬ ಪ್ರೊಫೆಸರ್ ಒಂದು ಹೊತ್ತಿಗೆ 8 ಜನರನ್ನು, ಅಸೋಸಿಯೇಟ್ 6, ಅಸಿಸ್ಟೆಂಟ್ 4 ಜನರನ್ನು ಮಾತ್ರ ತೆಗೆದುಕೊಳ್ಳಬಹುದು. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಇದ್ದರೆ ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಪ್ರತಿ ಸೆಮಿಸ್ಟರಿಗೂ ವಿದ್ಯಾರ್ಥಿ ಸಲಹಾ ಸಮಿತಿ ಮುಂದೆ ಕೆಲಸ ತೋರಿಸಬೇಕು, ಸಮಿತಿಯ ವರದಿಯ ಪ್ರತಿ ಅವನ ಕೈಗೂ ಬರಬೇಕು. (ಆ ಸಮಿತಿಯ ಸಂಚಾಲಕರೂ ಗೈಡೇ ಅನ್ನೋದು ಬೇರೆ ಮಾತು!)

ಇನ್ನು ನನ್ನ ಕಸುಬಿನ ಲೆಕ್ಕ. ನೆಟ್ ಪಾಸಾಗಿ ಜೆಆರ್‌ಎಫ್ ಸಿಕ್ಕವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000, ಎರಡು ವರ್ಷದ ನಂತರ 42,000 ರೂಪಾಯಿ. ಒಟ್ಟು 5 ವರ್ಷ ಮಾತ್ರ. ಪಿಎಚ್‌ಡಿಗೆ ಅವಧಿ 6 ವರ್ಷ, ಮೇಲೆ 2 ವರ್ಷ ವಿಸ್ತರಣೆ. ಅಂದರೆ ಥೀಸಿಸ್ ಆರನೇ ವರ್ಷಕ್ಕೆ ಜಾರಿದರೆ ಕೈಯಿಂದ ಹೋಗೋದು 5,04,000 ರೂಪಾಯಿ. ಗೈಡ್ ಮೇಜಿನ ಮೇಲೆ ಆರು ತಿಂಗಳು ಕೂತ ಚಾಪ್ಟರಿಗೂ ಬೆಲೆ ಇದೆ ಅಂತ ಆಯ್ತು. ಮುನಿರಕಾದ ಬಾಡಿಗೆ ಕೊಡೋ ಹುಡುಗನಿಗೆ ಇದು ಸಣ್ಣ ಮಾತಲ್ಲ.

ಬ್ಯಾಂಕಿನಲ್ಲಿ ಎಂಟ್ರಿ ಹಾಕುವವನು ಒಬ್ಬ, ಪಾಸ್ ಮಾಡುವವನು ಇನ್ನೊಬ್ಬ. ಅನುಮಾನಕ್ಕಲ್ಲ, ಇಬ್ಬರಿಗೂ ಅದೇ ರಕ್ಷೆ. ಹಾಗೇ ಇಲ್ಲೂ. ಭೇಟಿ ಮುಗಿದ ಸಂಜೆಯೇ "ಸರ್, ನೀವು ಹೇಳಿದ್ದು ಇಷ್ಟು, ಇಂಥ ದಿನಕ್ಕೆ ಇದನ್ನು ಕೊಡುತ್ತೇನೆ" ಅಂತ ಎರಡು ಸಾಲಿನ ಮೇಲ್ ಹಾಕಲಿ. ಸಮಿತಿಯ ಇನ್ನೊಬ್ಬ ಅಧ್ಯಾಪಕರ ಪರಿಚಯವೂ ಇರಲಿ. ಗೈಡ್ ಬದಲಿಸುವ ನಿಯಮವನ್ನು ಸೇರಿದ ವಾರವೇ ಓದಿಕೊಳ್ಳಲಿ, ಜಗಳ ಆದ ಮೇಲಲ್ಲ.

ಗೈಡ್‌ಗಳ ಕಷ್ಟವೂ ಇದೆ. ಪಾಠ, ಪರೀಕ್ಷೆ, ಆಫೀಸಿನ ಫೈಲು, ಜೊತೆಗೆ ಎಂಟು ಜನರ ಥೀಸಿಸ್. ತಿಂಗಳುಗಟ್ಟಲೆ ಮುಖ ತೋರಿಸದ ವಿದ್ಯಾರ್ಥಿಗಳೂ ಇದ್ದಾರೆ. ಒಳ್ಳೆಯ ಗೈಡಿಗೆ ಆ ಎರಡು ಸಾಲಿನ ಮೇಲ್ ಉಪಕಾರವೇ.

ಇನ್ನು ನಾವು ಅಪ್ಪ ಅಮ್ಮಂದಿರು. "ಯಾವಾಗ ಮುಗಿಯತ್ತೆ?" ಅಂತ ಪ್ರತಿ ಯುಗಾದಿಗೂ ಕೇಳೋದು ಬಿಡೋಣ. "ನಿನ್ನ ಗೈಡ್ ಕೊನೇ ಸಲ ಓದಿದ್ದು ಯಾವಾಗ?" ಅಂತ ಕೇಳೋಣ. ಮಗು ಸುಮ್ಮನಾದರೆ, ಹೊಂದಿಕೊಂಡು ಹೋಗು ಅನ್ನೋ ಮೊದಲು ಪೂರ್ತಿ ಕೇಳಿಸಿಕೊಳ್ಳೋಣ. ಏನಂತೀರಿ?