ನಿಧಾನ ಸೈಕಲ್ ಸ್ಪರ್ಧೆ ಸಾಕು



ನಮ್ಮ ಶಾಲೆಯ ಆಟೋಟದಲ್ಲಿ ಪ್ರತಿ ವರ್ಷ ಒಂದು ಸೈಕಲ್ ಸ್ಪರ್ಧೆ ಇರುತ್ತದೆ. ಅದು ನಿಧಾನ ಸೈಕಲ್ ಸ್ಪರ್ಧೆ. ಯಾರು ಕೊನೆಗೆ ಬರುತ್ತಾರೋ ಅವರಿಗೇ ಬಹುಮಾನ! ಅದೂ ಒಂದು ಕಲೆ, ಇಲ್ಲ ಅನ್ನುವುದಿಲ್ಲ. ಆದರೆ ಹುಡುಗಿಯರಿಗೆ ಇರುವುದು ಅದೊಂದೇ. ಹುಡುಗರಿಗಾದರೂ ಜಾತ್ರೆಯಲ್ಲಿ ಜೋರು ಸೈಕಲ್ ಇದೆ. ನನ್ನ ಅಭಿಪ್ರಾಯ ಏನೆಂದರೆ, ಮುಂದಿನ ಆಟೋಟಕ್ಕೆ ರಸ್ತೆ ಮೇಲಿನ ಸೈಕಲ್ ಸ್ಪರ್ಧೆ ಇಡಬೇಕು, ಹುಡುಗಿಯರಿಗೂ ಇಡಬೇಕು, ಮೂರು ತಿಂಗಳು ಮೊದಲೇ ತಾಲೀಮು ಶುರು ಮಾಡಬೇಕು.

ನಮ್ಮ ತರಗತಿಯ ಹುಡುಗರನ್ನು ಕೇಳಿದರೆ "ನಾ ನಲವತ್ತರಾಗ ಹೊಡೀತೀನಿ" ಅಂತಾರೆ. ಮೀಟರೇ ಇಲ್ಲದ ಸೈಕಲ್ಲಿಗೆ ನಲವತ್ತು ಎಲ್ಲಿಂದ ಬಂತೋ! ಅಳೆಯುವುದು ಕಷ್ಟವೇನಲ್ಲ. ಡಾಂಬರ್ ರಸ್ತೆಯಲ್ಲಿ ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿಗೆ ಎಷ್ಟು ಹೊತ್ತು ಹಿಡಿಯಿತು ನೋಡಿದರಾಯಿತು. 4 ನಿಮಿಷ ಆದರೆ ಗಂಟೆಗೆ 15 ಕಿ.ಮೀ., 3 ನಿಮಿಷಕ್ಕೆ 20, 2 ನಿಮಿಷಕ್ಕೆ 30. ನಲವತ್ತು ಅನ್ನಬೇಕಾದರೆ ಒಂದೂವರೆ ನಿಮಿಷದಲ್ಲಿ ಕಲ್ಲು ಮುಟ್ಟಬೇಕು. ನಾನು, ನನ್ನ ಗೆಳತಿ ಅಕ್ಕನ ಸೈಕಲ್ ಮೇಲೆ ಅಳೆದು ನೋಡಿದೆವು. (2018ರಲ್ಲಿ ಅಕ್ಕ 8ನೇ ತರಗತಿಯಲ್ಲಿದ್ದಾಗ ಸರ್ಕಾರದಿಂದ ಬಂದ ಸೈಕಲ್ ಅದು.) ಮೊದಲನೇ ಕಿ.ಮೀ. ನನಗೆ 3 ನಿಮಿಷ 10 ಸೆಕೆಂಡು, ಅಂದರೆ 19ರ ವೇಗ. ಎರಡನೆಯದಕ್ಕೆ 3 ನಿಮಿಷ 50 ಸೆಕೆಂಡು. ಅಷ್ಟರಲ್ಲೇ ದಮ್ಮು ಹತ್ತಿತ್ತು. ನಲವತ್ತರ ಹುಡುಗರು ಇನ್ನೂ ಅಳೆಯಲಿಕ್ಕೆ ಬಂದಿಲ್ಲ.

ಹಾಗಾದರೆ ನಿಜವಾದ ಸ್ಪರ್ಧೆಯಲ್ಲಿ ವೇಗ ಎಷ್ಟಿರುತ್ತದೆ? ರೇಸ್ ಸೈಕಲ್ ಕೊಂಡು ಹೊಸದಾಗಿ ಶುರು ಮಾಡಿದ ಗಟ್ಟಿ ಮನುಷ್ಯ ಒಬ್ಬನೇ ಹೋದರೆ ಗಂಟೆಗೆ ಸುಮಾರು 25 ಕಿ.ಮೀ. ಹವ್ಯಾಸಿಗಳ ಸ್ಪರ್ಧೆಯಲ್ಲಿ ಗುಂಪು ಸಪಾಟು ರಸ್ತೆಯಲ್ಲಿ 35ರಿಂದ 40ರಲ್ಲಿ ಹೋಗುತ್ತದೆ. ಫ್ರಾನ್ಸ್ ದೇಶದ ದೊಡ್ಡ ಸ್ಪರ್ಧೆಯನ್ನು (ಟೂರ್ ಡಿ ಫ್ರಾನ್ಸ್) 2022ರಲ್ಲಿ ಗೆದ್ದವರ ಸರಾಸರಿ ಸುಮಾರು 42. ಅದೂ ಗುಡ್ಡಗಳನ್ನೆಲ್ಲಾ ಹತ್ತಿ, 3,300 ಕಿ.ಮೀ.ಗೂ ಹೆಚ್ಚು!

ನಮ್ಮ 19ಕ್ಕೂ ಅವರ 40ಕ್ಕೂ ಬರೀ ಇಪ್ಪತ್ತೊಂದರ ವ್ಯತ್ಯಾಸ ಅಂದುಕೊಳ್ಳಬೇಡಿ. ನಡುವೆ ಗಾಳಿ ಇದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಅದನ್ನು ಸೀಳಿಕೊಂಡು ಹೋಗಲು ಕಾಲಿನ ಶಕ್ತಿ ಎಂಟು ಪಟ್ಟು ಬೇಕು. 20ರಿಂದ 25ಕ್ಕೆ ಹೋಗಬೇಕಾದರೂ ಗಾಳಿಗೇ ಹತ್ತಿರ ಹತ್ತಿರ ಎರಡು ಪಟ್ಟು ಶಕ್ತಿ ಕೊಡಬೇಕು. ಅದಕ್ಕೇ ಸ್ಪರ್ಧೆಯವರು ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಹೋಗುವುದು. ಹಿಂದಿನವನಿಗೆ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ.

ಇಲ್ಲಿ ಒಬ್ಬರ ವಿಷಯ ಹೇಳಲೇಬೇಕು. ಆಸ್ಟ್ರಿಯಾ ದೇಶದ ಆನ್ನಾ ಕೀಸೆನ್‌ಹೋಫರ್ ಗಣಿತದಲ್ಲಿ ಡಾಕ್ಟರೇಟ್ ಮಾಡಿದವರು. 2021ರ ಜುಲೈ 25ರಂದು ಟೋಕಿಯೋ ಒಲಿಂಪಿಕ್ಸ್‌ನ ಮಹಿಳೆಯರ ರಸ್ತೆ ಸ್ಪರ್ಧೆಗೆ ಬಂದಾಗ ಅವರ ಹಿಂದೆ ಸಂಬಳ ಕೊಡುವ ತಂಡ ಇರಲಿಲ್ಲ, ಓಟದಲ್ಲಿ ತಮ್ಮ ದೇಶದವರು ಬೇರೆ ಯಾರೂ ಇರಲಿಲ್ಲ. ತಮ್ಮ ತಾಲೀಮನ್ನು ತಾವೇ ಲೆಕ್ಕ ಹಾಕಿ ಮಾಡಿದ್ದರು. 137 ಕಿ.ಮೀ. ದಾರಿ. ಶುರುವಿನಲ್ಲೇ ಮುಂದೆ ಹೋದರು, ಕೊನೆಯ 40 ಕಿ.ಮೀ. ಒಬ್ಬರೇ ಹೊಡೆದರು. ಹಿಂದಿನ ಘಟಾನುಘಟಿಗಳು ಇವರನ್ನು ಮರೆತೇಬಿಟ್ಟರು! ನೆದರ್‌ಲ್ಯಾಂಡ್ಸ್‌ನ ಫಾನ್ ಫ್ಲೂಟೆನ್ ತಾವೇ ಗೆದ್ದೆನೆಂದು ಕೈ ಎತ್ತಿ ಕುಣಿದರು, ಆದರೆ ಚಿನ್ನ ಒಂದು ನಿಮಿಷಕ್ಕೂ ಮೊದಲೇ ಹೋಗಿತ್ತು. ಆನ್ನಾ ಅವರ ಸಮಯ 3 ಗಂಟೆ 52 ನಿಮಿಷ 45 ಸೆಕೆಂಡು. ಭಾಗಿಸಿ ನೋಡಿ, ಗಂಟೆಗೆ 35 ಕಿ.ಮೀ. ಬರುತ್ತದೆ. ಗಣಿತ ಅಂದರೆ ಓಡಿಹೋಗುವವರು ಇದನ್ನು ಎರಡು ಸಲ ಓದಬೇಕು.

ಇನ್ನು ತಾಲೀಮು. ಜಾತ್ರೆಯ ಹಿಂದಿನ ದಿನ ಚೈನಿಗೆ ಎಣ್ಣೆ ಬಿಟ್ಟು, ಸೀಟು ಒರೆಸಿದರೆ ತಾಲೀಮು ಆಗುವುದಿಲ್ಲ. ನಮ್ಮ ಸೋದರಮಾವನ ಮಗ ಸೈಕ್ಲಿಂಗ್ ಕಲಿತವನು. ಅವನು ಹೇಳಿದ ಒಂದು ಮಾತು ನನಗೆ ಆಶ್ಚರ್ಯ ತಂದಿತು. "ದಿನಾ ಜೋರು ಹೊಡಿಯೂದಲ್ಲವಾ ತಂಗಿ, ಭಾಳ ದಿನ ಮಾತಾಡಿಕೋತ ಹೋಗೂವಷ್ಟ ನಿಧಾನ ಹೋಗಬೇಕು" ಅಂದ. ವಾರದಲ್ಲಿ ಒಂದೋ ಎರಡೋ ದಿನ ಮಾತ್ರ ಜೋರು: ಮೂರು ನಿಮಿಷ ಪೂರ್ತಿ ಬಲ ಹಾಕುವುದು, ಮೂರು ನಿಮಿಷ ಸುಧಾರಿಸಿಕೊಳ್ಳುವುದು, ಹೀಗೆ ನಾಲ್ಕೈದು ಸಲ. ಒಂದು ದಿನ ದೂರದ ಸವಾರಿ. ಒಂದು ದಿನ ಪೂರ್ತಿ ವಿಶ್ರಾಂತಿ, ಯಾಕೆಂದರೆ ಕಾಲಿಗೆ ಬಲ ಬರುವುದು ವಿಶ್ರಾಂತಿಯಲ್ಲೇ ಅಂತೆ. ದೊಡ್ಡ ಹವ್ಯಾಸಿಗಳು ವಾರಕ್ಕೆ 6ರಿಂದ 10 ತಾಸು ಮಾಡುತ್ತಾರೆ. ನಮ್ಮಂಥ ಮಕ್ಕಳಿಗೆ ಮೂರು ತಾಸು ಸಾಕು. ಸೀಟು ಮಾತ್ರ ಎತ್ತರಿಸಬೇಕು. ಪೆಡಲ್ ಕೆಳಗಿದ್ದಾಗ ಮೊಣಕಾಲು ಸ್ವಲ್ಪವೇ ಮಡಚಿರಬೇಕು. ನಮ್ಮೂರಲ್ಲಿ ಎಲ್ಲರೂ ಕಪ್ಪೆ ಕೂತಂಗೆ ಕೂತು ತುಳಿಯುತ್ತಾರೆ.

ಆಹಾರದ ಚಿಂತೆ ನಮಗಿಲ್ಲ. ರೊಟ್ಟಿ, ಶೇಂಗಾ, ಬೆಲ್ಲ, ಬಾಳೆಹಣ್ಣು ಎಲ್ಲಾ ಇದೆ.

ಕೆಲವರು "ಅದೆಲ್ಲಾ ಬೆಂಗಳೂರಿನವರಿಗೆ" ಅನ್ನಬಹುದು. ತಪ್ಪು. ಸೈಕ್ಲಿಂಗ್‌ನಲ್ಲಿ ಕರ್ನಾಟಕಕ್ಕೆ ಹೆಸರು ತಂದವರಲ್ಲಿ ಬಹಳ ಜನ ನಮ್ಮ ವಿಜಯಪುರ, ಪಕ್ಕದ ಬಾಗಲಕೋಟೆ ಜಿಲ್ಲೆಗಳ ಹಳ್ಳಿ ಮಕ್ಕಳೇ. ಈ ಎರಡೂ ಊರುಗಳಲ್ಲಿ ಸೈಕ್ಲಿಂಗ್ ಕಲಿಸುವ ಸರ್ಕಾರಿ ಕ್ರೀಡಾ ವಸತಿ ನಿಲಯಗಳಿವೆ. ಅಲ್ಲಿ ಹುಡುಗಿಯರೂ ಕಲಿತಿದ್ದಾರೆ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ರಸ್ತೆ ಸ್ಪರ್ಧೆ 1984ರಲ್ಲೇ ಬಂತು. ನಮ್ಮ ಶಾಲೆಗೆ ಮಾತ್ರ ಇನ್ನೂ ಬಂದಿಲ್ಲ.

"ಬಿದ್ದು ಕೈಕಾಲು ಮುರಕೊಂಡರ ಯಾರು ಹೊಣಿ?" ಎಂದು ಅಕ್ಕೋರು ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೇ ಗುಂಪಿನ ಓಟ ಬೇಡ. ಒಬ್ಬೊಬ್ಬರನ್ನೇ ಎರಡು ನಿಮಿಷ ಬಿಟ್ಟು ಕಳಿಸಬೇಕು, ಗಡಿಯಾರ ನೋಡಿ ಬರೆದುಕೊಳ್ಳಬೇಕು. ಇದಕ್ಕೆ ಟೈಮ್ ಟ್ರಯಲ್ ಅಂತಾರೆ, ದೊಡ್ಡ ಸ್ಪರ್ಧೆಗಳಲ್ಲೂ ಇದೆ. ಕಬ್ಬಿನ ಟ್ರ್ಯಾಕ್ಟರ್ ಓಡಾಡದ ಕಾಲುವೆ ರಸ್ತೆಯಲ್ಲಿ, ಬೆಳಿಗ್ಗೆ, 5 ಕಿ.ಮೀ. ಇಟ್ಟರೆ ಸಾಕು. ತಲೆಗೆ ಹೆಲ್ಮೆಟ್ ಬೇಕೇ ಬೇಕು. ಎಲ್ಲರಿಗೂ ಒಂದೇ ನಮೂನೆಯ ಸೈಕಲ್ ಕೊಡಬೇಕು, ಇಲ್ಲದಿದ್ದರೆ ಗೇರ್ ಸೈಕಲ್ ಇದ್ದವರೇ ಗೆಲ್ಲುತ್ತಾರೆ. ಸರ್ಕಾರದ ಹಳೇ ಸೈಕಲ್‌ಗಳು ಎಷ್ಟೋ ಮನೆಗಳಲ್ಲಿ ಗೋಡೆಗೆ ಒರಗಿ ನಿಂತಿವೆ. ನಾಲ್ಕು ಸಿಕ್ಕರೆ ಸಾಕು, ಪಾಳಿ ಮೇಲೆ ಹೊಡೆಯಬಹುದು.

ಅಕ್ಕನ ಸೈಕಲ್ ನಾನು ಕೊಡುತ್ತೇನೆ. ಇನ್ನು ಮೂರು ಬೇಕು. ಕೊಡುವವರು ಈ ಪತ್ರಿಕೆಯ ಕೆಳಗಿನ ಖಾಲಿ ಜಾಗದಲ್ಲಿ ಪೆನ್ಸಿಲ್ಲಿನಿಂದ ಹೆಸರು ಬರೆಯಿರಿ. ಪಿ.ಟಿ. ಮಾಸ್ತರು ಶನಿವಾರ ನೋಡುತ್ತೇನೆ ಎಂದಿದ್ದಾರೆ.

– 7ನೇ ತರಗತಿ ವಿದ್ಯಾರ್ಥಿನಿ