ಐಡ್ಲಿಂಗ್ ನಿಲ್ಲದ ಹಳೇ ಬೈಕಿಗೆ ದಪ್ಪ ಆಯಿಲ್ ಮದ್ದೇ?

ಶಿವಮೊಗ್ಗದಿಂದ ಭದ್ರಾವತಿವರೆಗೆ ಸರಾಗವಾಗಿ ಓಡಿದ ಹಳೇ ಬೈಕು, ಊರೊಳಗೆ ಬಂದು ಆಕ್ಸಿಲರೇಟರ್ ಬಿಟ್ಟೊಡನೆ ಆಫ್ ಆಗುತ್ತದೆ. ‘ಎಂಜಿನ್ ಹಳೇದು, ದಪ್ಪ ಆಯಿಲ್ ಹಾಕಿ, ಸರಿಹೋಗುತ್ತೆ’ ಎಂಬ ಸಲಹೆಯನ್ನು ನಾವೆಲ್ಲ ಕೇಳಿರುತ್ತೇವೆ. ಇದು ನಿಜವೇ?

ಅಲ್ಲ. ಹೀಗೆ ಎಂಜಿನ್ ನಿಲ್ಲುವುದು ಹೆಚ್ಚಾಗಿ ಗಾಳಿ, ಪೆಟ್ರೋಲ್, ಕಿಡಿ ಈ ಮೂರರ ಹೊಂದಾಣಿಕೆ ತಪ್ಪಿದಾಗ. ಕಾರ್ಬ್ಯುರೇಟರ್‌ನಲ್ಲಿ ಐಡ್ಲಿಂಗ್‌ಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್‌ನ ರಂಧ್ರ ತೀರಾ ಸಣ್ಣದು. ಚೂರು ಕಸಕ್ಕೂ ಕಟ್ಟಿಕೊಳ್ಳುತ್ತದೆ. ಈಗಿನ ಪೆಟ್ರೋಲ್‌ನಲ್ಲಿ ಶೇ. 20ರಷ್ಟು ಬೆರೆಸುವ ಎಥನಾಲ್ ತೇವ ಹೀರುತ್ತದೆ. ಹಾಗಾಗಿ ಮಲೆನಾಡಿನ ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಗಾಡಿಗೆ ಈ ಕಾಟ ಹೆಚ್ಚು.

ಹಾಗಾದರೆ ಡಬ್ಬದ ಮೇಲಿನ ‘10ಡಬ್ಲ್ಯು-30’ ಏನು? ಮೊದಲ ಅಂಕಿ, ತಣ್ಣಗಿರುವಾಗ ಆಯಿಲ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು ಹೇಳುತ್ತದೆ. ಕೊನೆಯದು, 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ಮಂದವಾಗಿರುತ್ತದೆ ಎಂಬುದನ್ನು. ಬೇಕಾದ್ದಕ್ಕಿಂತ ದಪ್ಪ ಆಯಿಲ್ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ನಿನ ಮೇಲ್ಭಾಗಕ್ಕೆ ತಡವಾಗಿ ತಲುಪುತ್ತದೆ, ಸವೆತ ಹೆಚ್ಚುತ್ತದೆ. ಕಾರಿನ ಆಯಿಲ್ ಹಾಕಿದರೆ ಬೈಕಿನ ಕ್ಲಚ್ ಜಾರಬಹುದು. ಗೇರ್ ಬೈಕಿಗೆ ‘ಜಾಸೊ ಎಂಎ’ ಗುರುತಿರುವ ಆಯಿಲ್ಲೇ ಸರಿ.

ಸಲಹೆಯಲ್ಲಿ ಅರ್ಧ ಸತ್ಯವೂ ಇದೆ. ದಪ್ಪ ಆಯಿಲ್‌ನಿಂದ ನೀಲಿ ಹೊಗೆ ಕೆಲದಿನ ಕಡಿಮೆಯಾಗಬಹುದು. ಆದರೆ ಸವೆದ ರಿಂಗ್ ಸವೆದೇ ಇರುತ್ತದೆ, ರಿಪೇರಿ ಖರ್ಚು ಮಾತ್ರ ಬೆಳೆಯುತ್ತದೆ.

ಹಾಗಾಗಿ ಮೊದಲು ಏರ್ ಫಿಲ್ಟರ್, ಪ್ಲಗ್ ನೋಡಿಸಿ. ಆಮೇಲೆ ಕಾರ್ಬ್ಯುರೇಟರ್ ಕ್ಲೀನ್ ಮಾಡಿಸಿ, ಅದನ್ನು ಎಂಜಿನ್ನಿಗೆ ಸೇರಿಸುವ ರಬ್ಬರ್ ಬಿರುಕು ಬಿಟ್ಟಿದೆಯೇ ಪರೀಕ್ಷಿಸಿ. ಐಡ್ಲಿಂಗ್ ಸ್ಕ್ರೂ ತಿರುಗಿಸುವುದು ಕೊನೆಗೆ. ಆಯಿಲ್ ಮಾತ್ರ ಗಾಡಿಯ ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಿ.